ಸುಟ್ಟು ನೋಡಿದ ಹಾಲು

ಹೆದರುಪುಕ್ಕಲಿ ಅಂತ ನನ್ನನ್ನು ಯಾರೂ ಕರೆದಿಲ್ಲ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಹಾವು ಕಂಡರೆ ಕೋಲು ಹುಡುಕುವವಳೇ ಹೊರತು ಕಿರುಚಿಕೊಳ್ಳುವವಳಲ್ಲ. ಅಂಥ ನನ್ನನ್ನು ಒಂದು ಮಳೆಗಾಲವಿಡೀ ನಡುಗಿಸಿದ್ದು ನಮ್ಮ ಮನೆಯ ಹಸುವಿನ ಹಾಲು. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ಅವರ ಹೊಟ್ಟೆ ತಣ್ಣಗಿರಲಿ.

ಅರವತ್ತರ ದಶಕದ ಮೊದಲ ವರ್ಷಗಳು. ಮಧುಗಿರಿಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಶಿರಾ ತಾಲ್ಲೂಕಿನ ಬರಗೂರಿಗೆ ಕೊಟ್ಟಿದ್ದರು. ಬಸ್ಸು ನಿಲ್ಲುವ ಕಡೆ ನಮ್ಮ ಯಜಮಾನರ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಮನೆಯಲ್ಲಿ ಅತ್ತೆ, ನಾವಿಬ್ಬರು, ಇನ್ನೂ ಅಂಬೆಗಾಲಿಡದ ಮಗಳು, ಒಂದು ಕೆಂದಹಸು. ಬಾಣಂತನದಲ್ಲೇ ವಿಷಮಶೀತ ಜ್ವರ ಬಂದು ನನ್ನ ಎದೆಹಾಲು ಬತ್ತಿಹೋಗಿತ್ತು. ಮಗಳು ಬದುಕಿಕೊಂಡಿದ್ದೇ ಕೆಂದಹಸುವಿನ ಹಾಲಿನಿಂದ. ಅತ್ತೆ ಮಗುವಿಗೂ ಹಸುವಿಗೂ ದೃಷ್ಟಿ ತೆಗೆಯುತ್ತಿದ್ದರು. ಮಗುವಿನ ಹಣೆಗೆ, ಕತ್ತಿನ ಹಿಂದಕ್ಕೆ ಒಲೆಯ ಬೂದಿ ಹಚ್ಚದೆ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಮೊದಲ ಮಳೆಗಳು ಬಿದ್ದು ಗರಿಕೆ ಚಿಗುರಿತ್ತು. ಅಂಗಡಿಯ ಮುಂದೆ ಒಂದು ಸರ್ಕಾರಿ ಜೀಪು ಬಂದು ನಿಂತಿತು. ಷರಾಯಿ ಹಾಕಿದ್ದ ಒಬ್ಬ ಅಧಿಕಾರಿ, ಅವರ ಜೊತೆ ಶಿರಾದ ಸಾಬರು ಡ್ರೈವರು. ಪರದೇಶದವರು ಅಣುಬಾಂಬು ಸಿಡಿಸಿ ಸಿಡಿಸಿ ನೋಡುತ್ತಿದ್ದಾರಂತೆ. ಅದರ ಧೂಳು ಆಕಾಶಕ್ಕೆ ಏರಿ, ಗಾಳಿಯಲ್ಲಿ ತೇಲಿ, ಮಳೆಯ ಜೊತೆ ಹುಲ್ಲಿನ ಮೇಲೆ ಇಳಿಯುತ್ತದಂತೆ. ಹಸು ಹುಲ್ಲು ತಿಂದರೆ ಹಾಲಿಗೂ ಬರುತ್ತದಂತೆ.

"ನಮ್ಮ ಕಡೆ ಎಷ್ಟು ಬಿದ್ದಿದೆ ಅಂತ ಊರೂರಿನ ಹಾಲು ಪರೀಕ್ಷೆ ಮಾಡ್ತಿದ್ದೀವಿ. ಹೆದರೋದೇನೂ ಬೇಡ" ಎಂದರು ಅಧಿಕಾರಿ.

ಅವರು ಹೆದರಬೇಡಿ ಅನ್ನುವ ತನಕ ಯಾರೂ ಹೆದರಿರಲಿಲ್ಲ.

"ಅವರ್ಯಾರೋ ಬಾಂಬು ಹಾಕಿದ್ರೆ ನಮ್ಮ ಹಸು ಯಾಕೆ ಸ್ವಾಮಿ ತಿನ್ನಬೇಕು?" ಎಂದು ಬಾಗಿಲ ಸಂದಿಯಿಂದ ಕೇಳಿದೆ. ಯಜಮಾನರು ನನ್ನತ್ತ ಕಣ್ಣು ಕೆಕ್ಕರಿಸಿದರು. ಆಮೇಲೆ ಹಲ್ಲು ಕಿರಿದು, ಹಾಲು ತಾನೇ, ಕೊಡೋಣ ಬಿಡಿ ಸಾರ್ ಎಂದರು.

ಅಷ್ಟರಲ್ಲಿ ಜಗಲಿಯ ಮೇಲೆ ನೀರು ಕುಡಿಯುತ್ತಿದ್ದ ಡ್ರೈವರು ಅತ್ತೆಯ ಹತ್ತಿರ ಬಾಯಿಬಿಟ್ಟ. "ಹಾಲು ಕುಡಿಯೋಕಲ್ಲಮ್ಮಾ. ಕಾಸಿ ಕಾಸಿ, ಒಣಗ್ಸಿ, ಕೊನೆಗೆ ಸುಟ್ಟು ಬೂದಿ ಮಾಡ್ತಾರೆ. ಆ ಬೂದಿನೇ ನೋಡೋದು ಅವರು."

ಅತ್ತೆಯ ಮುಖ ಕಪ್ಪಿಟ್ಟಿತು. ನಮ್ಮ ಸೀಮೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದರೇ ಹಸುವಿನ ಕೆಚ್ಚಲಿಗೆ ಕೇಡು. ಅಂಥಾದ್ದರಲ್ಲಿ ಬೇಕೆಂದೇ ಸುಡುತ್ತಾರೆಂದರೆ! "ಹಾಲು ಸೀದ್ರೆ ಕೆಚ್ಚಲು ಸೀದೋಯ್ತದೆ ಕಣಪ್ಪ" ಎಂದು ಗೊಣಗುತ್ತಾ ಅಡಿಗೆಮನೆಗೆ ಹೋದರು. ಹಾಲಿನ ಕ್ಯಾನು ಅವರ ಕೈಯಿಂದಲೇ ಜೀಪಿಗೆ ಹೋಯಿತು.

ಆ ವಿಷಯ ಮರೆತೇಹೋಗಿತ್ತು. ಜೀಪು ಮತ್ತೆ ಬಂತು. ಈ ಸಲ ಬೇರೆ ಯಾರ ಮನೆಗೂ ಹೋಗದೆ ನೇರ ನಮ್ಮ ಮನೆಗೇ ಬಂತು. ಹಸು ಎಲ್ಲಿ ಮೇಯುತ್ತೆ, ಯಾವ ಬಾವಿಯ ನೀರು ಕುಡಿಯುತ್ತೆ ಎಂದೆಲ್ಲ ವಿಚಾರಿಸಿ ಅಧಿಕಾರಿ ಕೊನೆಗೆ ಕೇಳಿದರು: "ಈ ಹಾಲು ಯಾರು ಕುಡೀತಾರಮ್ಮ?"

"ಇವಳು" ಎಂದು ಕಂಕುಳಲ್ಲಿದ್ದ ಮಗಳನ್ನು ತೋರಿಸಿದೆ.

ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು.

"ಊರಿನ ಉಳಿದ ಮನೆಗಳಿಗಿಂತ ನಿಮ್ಮ ಹಾಲಲ್ಲಿ ಜಾಸ್ತಿ ಕಂಡಿದೆ. ಗಾಬರಿ ಬೇಡ. ಇನ್ನೊಂದು ಸಲ ನೋಡ್ತೀವಿ. ಅಲ್ಲೀವರೆಗೂ ಮಗೂಗೆ ಬೇರೆ ಹಾಲು ಸಿಕ್ಕಿದ್ರೆ ಒಳ್ಳೇದು."

ಬಾಂಬಿನ ಧೂಳನ್ನು ಪತ್ತೆಹಚ್ಚುವ ಒಂದು ಪೆಟ್ಟಿಗೆಯನ್ನು ಜೀಪಿನಿಂದ ತಂದು ಕೊಟ್ಟಿಗೆಯಲ್ಲಿ ಹಿಡಿದರು. ಅದು ಟಿಕ್ ಟಿಕ್ ಎಂದು ಸದ್ದು ಮಾಡಿತು. ಮಗಳನ್ನು ಮುಂದಕ್ಕೆ ಚಾಚಿ, ಇವಳ ಹತ್ತಿರಾನೂ ಹಿಡೀರಿ ಎಂದೆ. ಬೇಡವೆಂದರೂ ಬಿಡಲಿಲ್ಲ. ಅಲ್ಲೂ ಟಿಕ್ ಟಿಕ್. "ಎಲ್ಲಾ ಕಡೆ ಹೀಗೇ ಬಡಿಯುತ್ತಮ್ಮ, ಬರೀ ಕಲ್ಲಿಗೂ ಬಡಿಯುತ್ತೆ" ಎಂದು ಅವರು ಎಷ್ಟು ಹೇಳಿದರೂ ನನ್ನ ಕಿವಿಗೆ ಹೋಗಲಿಲ್ಲ. ಮಗಳು ಆ ಸದ್ದಿಗೆ ಕೇಕೆ ಹಾಕಿ ನಗುತ್ತಿದ್ದಳು. ಆವತ್ತು ಯಜಮಾನರು ಅಧಿಕಾರಿಯ ಎದುರೇ ಅವರ ಸೀಸೆಗೆ ನೇರವಾಗಿ ಹಾಲು ಕರೆದುಕೊಟ್ಟರು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ಶಿವನೇ ಬಲ್ಲ. ಪಕ್ಕದ ಮನೆಯವರು ಮೊದಮೊದಲು ಒಂದು ಲೋಟ ಹಾಲು ಕೊಟ್ಟರು. ಊರಲ್ಲಿ ಗುಸುಗುಸು ಶುರುವಾಯಿತು ನೋಡಿ, "ನಮ್ಮ ಕರೂಗೇ ಸಾಲ್ದು ಕಣಮ್ಮ" ಎಂದು ಬಾಗಿಲು ಎಳೆದುಕೊಂಡರು. ನಮ್ಮ ಲೋಟ ಅವರ ಮನೆ ಹೊಕ್ಕರೆ ಅವರ ಹಸುವಿಗೂ ಅಂಟುತ್ತದೆ ಅನ್ನುವ ಭಯ. ಹಾಳಾಗಿ ಹೋಗಲಿ ಎಂದು ಬೈದು ಬಂದೆ. ಮಗಳಿಗೆ ನೀರಲ್ಲಿ ಕುದಿಸಿದ ರಾಗಿ ಸರಿ ಹಾಕಿದೆ. ಅದು ಒಗ್ಗದೆ ಭೇದಿ ಹತ್ತಿತು. ತುಂಬಿಕೊಂಡಿದ್ದ ಕೆನ್ನೆ ಜೋತುಬಿತ್ತು, ಪಕ್ಕೆಲುಬು ಕಂಡವು.

ಕೆಂದಹಸುವಿನ ಹಾಲನ್ನು ಮೂಸಿ ಮೂಸಿ ನೋಡುತ್ತಿದ್ದೆ. ಅದೇ ಬಿಳುಪು, ಅದೇ ಘಮ. ಬಣ್ಣವಿಲ್ಲ, ವಾಸನೆಯಿಲ್ಲ, ಇಂಥ ವಿಷವನ್ನು ಯಾವ ಕೋಲಿನಿಂದ ಹೊಡೆಯುವುದು? ತಿಪ್ಪೆಗೆ ಸುರಿಯುತ್ತಿದ್ದೆ. ಮಗಳು ಕೆಮ್ಮಿದರೆ ಅದೇ ಇರಬೇಕು, ನಿದ್ದೆ ಜಾಸ್ತಿ ಮಾಡಿದರೆ ಅದೇ ಇರಬೇಕು ಅನ್ನಿಸುತ್ತಿತ್ತು.

"ಹಾಲು ತಿಪ್ಪೆಗೆ ಸುರೀತೀಯಲ್ಲೇ, ಲಕ್ಷ್ಮಿ ಹೆಂಗೆ ನಿಂತಾಳು ಮನೇಲಿ?" ಎಂದು ಅತ್ತೆ ರೇಗಿದರು.

"ಲಕ್ಷ್ಮಿ ಹೋದ್ರೆ ಹೋಗ್ಲಿ ಅತ್ತೆ, ನನ್ನ ಮಗಳು ಉಳೀಲಿ!"

ಯಜಮಾನರು "ಎಲ್ಲಾ ಬುರುಡೆ" ಎನ್ನುತ್ತಿದ್ದರು. ಆದರೆ ಊಟಕ್ಕೆ ಕೂತಾಗ ಮಜ್ಜಿಗೆ ಮಾತ್ರ ಬೇಡ, ನೆಗಡಿ ಎಂದುಬಿಡುತ್ತಿದ್ದರು. ಎಂಥಾ ಧೈರ್ಯಸ್ಥರು! ಅತ್ತೆಗೆ ಗೊತ್ತಿದ್ದದ್ದು ಒಂದೇ ಮದ್ದು. ಹೊತ್ತು ಹೊತ್ತಿಗೂ ಒಲೆಯಿಂದ ಬೂದಿ ತೆಗೆದು ಮಗುವಿನ ಹಣೆಗೆ, ಹೊಟ್ಟೆಗೆ ಹಚ್ಚುತ್ತಿದ್ದರು. ನಾನೂ ಬೇಡವೆನ್ನಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ.

ಕೊನೆಗೊಂದು ಮಧ್ಯಾಹ್ನ ಜೀಪು ಬಂತು. ಅಧಿಕಾರಿ ನಗುತ್ತಲೇ ಇಳಿದರು. "ಈ ಸಲ ಎಲ್ಲರ ಮನೆ ಹಾಲಿನಷ್ಟೇ ಇದೆಯಮ್ಮ. ಧಾರಾಳವಾಗಿ ಕೊಡಿ ಮಗೂಗೆ."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಅತ್ತು ಮುಗಿದದ್ದೇ ತಡ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಆವತ್ತಿಂದು ಏನು? ಸುಮ್ಮಸುಮ್ಮನೆ ನನ್ನ ಕೂಸಿನ ಹೊಟ್ಟೆ ಒಣಗಿಸಿದ್ರಾ?"

"ಅದೇ ನಮಗೂ ಗೊತ್ತಾಗ್ತಿಲ್ಲ. ಆವತ್ತಿನ ಕ್ಯಾನಿನ ತಳದಲ್ಲಿ ಏನೋ ಮಡ್ಡಿ ಇತ್ತು. ದಾರಿಯ ಧೂಳು ಅಂದ್ಕೊಂಡ್ವಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು. "ಧೂಳಲ್ಲ ಕಣಪ್ಪ. ಒಂದ್ ಹಿಡಿ ಬೂದಿ ಹಾಕಿದ್ದೆ. ಸುಡ್ತಾರೆ ಅಂದ್ನಲ್ಲ ಈ ಸಾಬಣ್ಣ, ಕೆಚ್ಚಲಿಗೆ ಏನೂ ಆಗ್ದೆ ಇರ್ಲಿ ಅಂತ ಹಾಕ್ಬುಟ್ಟೆ."

"ಯಾ ಅಲ್ಲಾ!" ಎಂದು ಡ್ರೈವರು ಹಣೆ ಚಚ್ಚಿಕೊಂಡ. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯನ್ನು ಬೈಯಲು ಬಾಯಿ ತೆರೆದ ನನಗೂ ನಗು ಬಂದುಬಿಟ್ಟಿತು. ಹಾಲು ಬೆಚ್ಚಗೆ ಮಾಡಿ ತಂದೆ. ಮಗಳು ಒಳಲೆಯ ಮೂತಿ ಕಚ್ಚಿಕೊಂಡು ಗಟಗಟ ಕುಡಿದಳು. ಅವಳ ಗಂಟಲು ಆಡುವುದನ್ನೇ ನೋಡುತ್ತಾ ಕೂತಿದ್ದೆ.

ತಲೆ ಎತ್ತಿದಾಗ ಅಧಿಕಾರಿ ಮಾತ್ರ ನಗುತ್ತಿರಲಿಲ್ಲ.

"ಯಾವ ಬೂದಿ ಅಜ್ಜಿ?"

"ಒಲೇದು. ಇನ್ಯಾವ್ದು? ಜಾಲಿ ಸೌದೆ, ಬೆರಣಿ."

ಅವರು ಒಳಗೆ ಬಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಜೇಬಿನಿಂದ ಒಂದು ಲಕೋಟೆ ತೆಗೆದರು. "ಸ್ವಲ್ಪ ಬೂದಿ ಕೊಡ್ತೀರಾ?"

"ಬೂದಿ ಯಾಕೆ ಸ್ವಾಮಿ? ಹಾಲು ಸರಿಯಾಗಿದೆ ಅಂದ್ರಲ್ಲ" ಎಂದೆ.

"ಒಂದು ಗಾಡಿ ಸೌದೆ ಉರಿದ್ರೆ ಎಷ್ಟು ಬೂದಿ ಸಿಗುತ್ತಮ್ಮ?"

"ಒಂದೆರಡು ಮೊರ."

"ಸೌದೆಯೇನೋ ಹೊಗೆಯಾಗಿ ಹೋಗುತ್ತೆ. ಮಳೆ ಜೊತೆ ಮರದ ಮೇಲೆ ಬಿದ್ದ ಬಾಂಬಿನ ಧೂಳು ಹೋಗಲ್ಲ. ಗಾಡಿ ಸೌದೆಯದ್ದೆಲ್ಲಾ ಆ ಮೊರದ ಬೂದಿಯಲ್ಲೇ ಉಳ್ಕೊಳ್ಳುತ್ತೆ. ಅದಕ್ಕೇ ನಾವೂ ಹಾಲನ್ನ ಸುಡೋದು." ಮಾತು ಮುಗಿಸುವಾಗ ಅವರ ಕಣ್ಣು ನನ್ನ ಮಡಿಲಲ್ಲಿದ್ದ ಮಗಳ ಮೇಲೆ ನಿಂತಿತು. ಹಣೆಯ ತುಂಬ, ಹೊಟ್ಟೆಯ ತುಂಬ ಅತ್ತೆಯ ಮೂರು ಬೆರಳಿನ ಗುರುತು. "ಎಷ್ಟಿದೆ ಅಂತ ನೋಡದೆ ಹೇಳೋಕಾಗಲ್ಲ. ಹೆದರಬೇಡಿ" ಎಂದರು.

ಮತ್ತೆ ಅದೇ ಮಾತು. ನಾನು ಸೆರಗು ಒದ್ದೆ ಮಾಡಿಕೊಂಡು ಮಗಳ ಹಣೆ ತಿಕ್ಕಿದೆ, ಹೊಟ್ಟೆ ತಿಕ್ಕಿದೆ. ಅವಳು ಅತ್ತರೂ ಬಿಡಲಿಲ್ಲ. ಹಚ್ಚಿದ ಬೂದಿಯನ್ನು ಅಳಿಸಿದರೆ ಜಗಳಕ್ಕೆ ನಿಲ್ಲುತ್ತಿದ್ದ ಅತ್ತೆ ಈಗ ಬಂದು ಪಕ್ಕದಲ್ಲಿ ಕೂತು ತಾವೇ ಮಗುವನ್ನು ಬೋರಲು ತಿರುಗಿಸಿ ಹಿಡಿದರು. "ಕತ್ತಿನ ಹಿಂದ್ಲೂ ಐತೆ, ಒರ್ಸೇ" ಎಂದರು. ಒರೆಸಿದೆ.

"ಇನ್ನೆಲ್ಲಿ ಹಚ್ಚಿದ್ದೀರಿ?" ಎಂದೆ.

ಅತ್ತೆ ಮಗುವಿನ ತುಟಿ ಒರೆಸಿದರು. "ಭೇದಿ ನಿಲ್ಲಲಿ ಅಂತ ದಿನಾ ಒಂದ್ ಚಿಟಿಕೆ ನಾಲಿಗೆಗೂ ಇಕ್ತಿದ್ದೆ ಕಣೇ" ಎಂದರು.

ಒದ್ದೆ ಸೆರಗು ನನ್ನ ಕೈಯಲ್ಲೇ ಉಳಿಯಿತು.