ಅಕ್ಕನ ಖಾಲಿ ಬುತ್ತಿ

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಹಳೆಯ ಟಿವಿ ರಿಪೇರಿ ಮಾಡುವ ಅಂಗಡಿಯೊಂದಿದೆ. ಅದರ ಮುಂದೆ ಹಾಯುವಾಗ ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಡಿಯುತ್ತದೆ, ನಾನು ಹಲ್ಲು ಕಚ್ಚುತ್ತೇನೆ. ಗೋಗಿಯ ಹತ್ತಿರದ ನಮ್ಮ ಮಣ್ಣಿನ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು: ಪಡಸಾಲೆಯಲ್ಲಿ ಕಂಬಳಿ, ಮೂಲೆಯಲ್ಲಿ ಕುರಿಮರಿ, ಒಳಗೆ ರೊಟ್ಟಿ ಬಡಿಯುವ ಸದ್ದು. ಕಾಲುವೆಯ ನೀರು ಬಂದಿತು, ನೀರಿಗೆ ಭತ್ತ ಬಂದಿತು, ಭತ್ತ ಮಾರಿದ ವರ್ಷವೇ ಕಾಕಾ ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತಂದಂತೆ ಟಿವಿ ತಂದ. ಅವನ ಹೆಂಡತಿ, ನಮ್ಮ ಚಿಗವ್ವ, ಅದಕ್ಕೆ ಆರತಿ ಬೆಳಗಿದಳು.

ನನ್ನ ಅಕ್ಕ ನಾಗವ್ವನಿಗೆ ಆಗ ಹದಿನಾರು. ತುಂಬಿದ ತೋಳು, ತುಂಬಿದ ಮೈ. ನಾಟಿಗೆ ಇಳಿದರೆ ಎಲ್ಲರಿಗಿಂತ ಮುಂದೆ. ಅವಳ ಮಗ್ಗುಲಲ್ಲಿ ಮಲಗಿದರೆ ನನಗೆ ಕೌದಿ ಬೇಕಾಗುತ್ತಿರಲಿಲ್ಲ. ಒಂದು ದಿನ ಓಣಿಯ ಹೆಂಗಸರೆಲ್ಲ ಧಾರಾವಾಹಿ ನೋಡುತ್ತ ಕೂತಿದ್ದಾಗ ಅವಳು ಅಡ್ಡ ಹಾದಳು. ಚಿಗವ್ವ ಟಿವಿಯೊಳಗಿನ ತೆಳ್ಳನೆಯ ಹುಡುಗಿಯನ್ನು ತೋರಿಸಿ, "ಜರಾ ಸರಿ ನಾಗಿ, ಅಕಿಯಂಥೋರು ನಾಕ್ ಮಂದಿ ನಿನ್ನೊಳಗ ಹಿಡೀತಾರ" ಅಂದಳು. ಎಲ್ಲರೂ ನಕ್ಕರು. ಹತ್ತು ವರ್ಷದ ನಾನೂ ನಕ್ಕೆ, ಹಾಳಾದವಳು.

ಅಂದಿನಿಂದ ಅಕ್ಕ ಮನೆಯಲ್ಲಿ ಉಣ್ಣುವುದನ್ನು ಬಿಟ್ಟಳು, ಹೊಲದಲ್ಲಿ ಉಣ್ಣುತ್ತೇನೆ ಎನ್ನುತ್ತಿದ್ದಳು. ನಾಟಿಯ ಹೆಂಗಸರು ಬದುವಿನ ಮೇಲೆ ಬುತ್ತಿ ಬಿಚ್ಚಿದರೆ ಎಲ್ಲರ ರೊಟ್ಟಿಯನ್ನೂ ಒಂದೇ ಅರಿವೆಯ ಮೇಲೆ ಗುಡ್ಡೆ ಹಾಕುತ್ತಾರೆ. ಯಾರು ಎಷ್ಟು ತಿಂದರು ಎಂದು ನೋಡುವುದು ಸಣ್ಣತನ, ಯಾರೂ ನೋಡುವುದಿಲ್ಲ. ಅಕ್ಕ ತನ್ನ ನಾಲ್ಕು ರೊಟ್ಟಿ ಗುಡ್ಡೆಗೆ ಹಾಕಿ, ಪಲ್ಯ ಬಡಿಸುತ್ತ, ನೀರು ತರುತ್ತ ಓಡಾಡಿಕೊಂಡೇ ಇರುತ್ತಿದ್ದಳಂತೆ. ಸಂಜೆ ಅವ್ವ ಬುತ್ತಿಯ ಅರಿವೆ ಕೊಡವಿ, ಖಾಲಿಯಾಗಿರುವುದನ್ನು ಕಂಡು ಸಮಾಧಾನಪಡುತ್ತಿದ್ದಳು. ರವಿಕೆ ಸಡಿಲಾದರೆ ಎತ್ತರಕ್ಕೆ ಬೆಳೆಯುವ ವಯಸ್ಸು ಅಂದುಕೊಂಡಳು.

ಎರಡನೆಯ ಹಂಗಾಮಿನಲ್ಲಿ ಜ್ವರ ಬಂದಿತು. ಅಕ್ಕ ಕೆಸರಿನಲ್ಲೇ ಕುಸಿದಳು. ಮೈಯಲ್ಲಿ ರಕ್ತವೇ ಇಲ್ಲವಲ್ಲ, ಏನು ಉಣಿಸುತ್ತೀರಿ ಎಂದು ಶಹಾಪುರದ ಡಾಕ್ಟರರು ಕೇಳಿದರು.

"ದಿನಾ ನಾಕ್ ರೊಟ್ಟಿ ಕಟ್ಟೀನ್ರಿ ಸಾಹೇಬ್ರ," ಅಂದಳು ಅವ್ವ. "ಅರಿವಿ ಖಾಲಿನ ಬರ್ತಿತ್ರಿ."

ನಾಲ್ಕನೆಯ ದಿನ ಅಕ್ಕ ಹೋದಳು. ಮಣ್ಣು ಮಾಡಿದ ಮೂರನೆಯ ದಿನ ಗುಂಡಿಗೆ ಎಡೆ ಒಯ್ದೆವು: ರೊಟ್ಟಿ, ಪುಂಡಿ ಪಲ್ಯ, ಅವಳು ಮುಟ್ಟದೆ ಬಿಟ್ಟ ತುಪ್ಪ. ತಿರುಗಿ ಬಂದ ಮಧ್ಯಾಹ್ನವೇ ಚಿಗವ್ವ, ಮನಸ್ಸು ಹಗುರಾಗಲಿ ಎಂದು, ಸದ್ದು ಕಡಿಮೆ ಮಾಡಿ ಟಿವಿ ಹಚ್ಚಿದಳು. ನಾನು ಬೇಳೆಸಾರಿನ ಗಡಿಗೆ ಎತ್ತಿ ತಂದು ಅದರ ಬೆನ್ನಿನ ತೂತುಗಳೊಳಗೆ ಸುರಿದೆ, ತಳದವರೆಗೂ ಸುರಿದೆ. ಟಪ್ ಎಂದಿತು, ಹೊಗೆ ಎದ್ದಿತು, ಆ ತೆಳ್ಳನೆಯ ಹುಡುಗಿ ಬಿಳಿ ಚುಕ್ಕೆಯಾಗಿ ಸತ್ತಳು. ಚಿಗವ್ವ ಎದೆ ಬಡಿದುಕೊಂಡು ಅತ್ತಳು. ಅಕ್ಕನಿಗಾಗಿ ಅವಳು ಅಷ್ಟು ಜೋರಾಗಿ ಅತ್ತಿರಲಿಲ್ಲ. ಅವಳು ಅತ್ತದ್ದು ನನಗೆ ಇಂದಿಗೂ ಸಿಹಿ. ಅವಳನ್ನು ನಾನು ಮನ್ನಿಸಿಲ್ಲ, ಮನ್ನಿಸುವುದೂ ಇಲ್ಲ.

ಕಾಕಾ ಕೈ ಎತ್ತಿದ. ಅವ್ವ ನಡುವೆ ಬಂದು ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. ಬೈಯಲಿಲ್ಲ. ಗಂಗಾಳದಲ್ಲಿ ಅನ್ನ ಕಲಸಿ ಮುಂದಿಟ್ಟು, ಎದುರಿಗೆ ಕೂತಳು. ನಾನು ಒಂದು ತುತ್ತು ತಿಂದೆ.

"ಬಾಯಿ ತೆರಿ," ಅಂದಳು ಅವ್ವ.

ತೆರೆದೆ. ನನ್ನ ಗದ್ದ ಹಿಡಿದು, ನಾಲಿಗೆಯ ಕೆಳಗೆ ಬೆರಳಾಡಿಸಿ ನೋಡಿದಳು. ನಾನು ಗಂಡನ ಮನೆಗೆ ಹೋಗುವ ದಿನದವರೆಗೂ, ಪ್ರತಿ ಊಟಕ್ಕೂ ಹಾಗೆಯೇ ನೋಡಿದಳು.