ಅತ್ತೆಯ ದನಿ, ಕೆಳಗಿನ ಅಕ್ಷರ

ಅತ್ತೆ ತೀರಿಕೊಂಡ ಕೆಲವು ತಿಂಗಳ ಮೇಲೆ ಪುಣೆಯಿಂದ ಒಂದು ಸಿಡಿ ಬಂತು. ಮನೆಮನೆಗೆ ಡಿವಿಡಿ ಪ್ಲೇಯರು ಬಂದು ಹಳೆಯ ಕ್ಯಾಸೆಟ್ಟುಗಳು ಅಟ್ಟ ಸೇರುತ್ತಿದ್ದ ವರ್ಷಗಳವು. ನೇಯ್ಗೆಯ ಬಗ್ಗೆ ಓದುತ್ತಿದ್ದ ಹುಡುಗಿಯೊಬ್ಬಳು ಅದಕ್ಕೂ ಮುಂಚೆ ಇಳಕಲ್ಲಿನ ನಮ್ಮ ಮನೆಯಲ್ಲಿ ಉಳಿದು, ಅತ್ತೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದನ್ನೂ, ನೇಯುತ್ತಲೇ ಪದ ಹಾಡುವುದನ್ನೂ ಚಿತ್ರ ಹಿಡಿದುಕೊಂಡು ಹೋಗಿದ್ದಳು. ಸಿಡಿ ಕಳಿಸುವ ಮೊದಲು ಫೋನು ಮಾಡಿ, “ನಿಮ್ಮ ನಾದಿನಿ ಓದಲಿ ಅಂತ ಕೆಳಗೆ ಕನ್ನಡ ಅಕ್ಷರ ಹಾಕಿಸಿದ್ದೇನೆ” ಎಂದಿದ್ದಳು.

ನನ್ನ ನಾದಿನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತು ಚೆನ್ನಾಗಿ ಓದುತ್ತಾಳೆ, ಎದುರಿನವರ ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಾಳೆ. ತಾಯಿ ಮಗ್ಗದ ಮೇಲೆ ಹಾಡುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಏನು ಹಾಡುತ್ತಿದ್ದರೆಂದು ಗೊತ್ತಿರಲಿಲ್ಲ. ಹಾಡುವಾಗ ತಾಯಿಯ ಮುಖ ನೂಲಿನ ಕಡೆಗೆ ಬಾಗಿರುತ್ತಿತ್ತು.

ಸಿಡಿ ಹಾಕಿದೆವು. ಮೊದಲು ಮಗ್ಗದ ಸದ್ದು ಬಂತು, ಹಿಂದೆಯೇ ಅತ್ತೆಯ ದನಿ. ತೆರೆ ಮಾತ್ರ ಕಪ್ಪಾಗಿಯೇ ಇತ್ತು. ಮೂಲೆಯಲ್ಲಿ ‘ಕೋಡೆಕ್ ನಾಟ್ ಸಪೋರ್ಟೆಡ್’ ಎಂದು ಬಿಳಿ ಅಕ್ಷರ. ವಿಡಿಯೊವನ್ನು ಹಿಂಡಿ ಇಟ್ಟ ರೀತಿ, ಅದೇ ಕೋಡೆಕ್ಕು, ಹೊಸದು, ನಮ್ಮ ಪ್ಲೇಯರು ಹಳೆಯದು. ಮಾವನವರಿಗೆ ಅದರಿಂದ ಏನೂ ಕೊರತೆ ಆಗಲಿಲ್ಲ. ಅವರ ಕಣ್ಣು ಆಗಲೇ ಮಂಜಾಗಿತ್ತು; ಗೋಡೆಗೆ ಒರಗಿ, ಮೊಣಕಾಲ ಮೇಲೆ ಬೆರಳಿನಿಂದ ಲಾಳಿಯ ತಾಳ ಹಾಕುತ್ತಾ ಅಳುತ್ತಿದ್ದರು. ನಾದಿನಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕಪ್ಪು ತೆರೆಯನ್ನು ನೋಡಿದಳು. ಎದ್ದು ಹೋಗಿ ಗುಂಡಿ ಒತ್ತಿ ನಿಲ್ಲಿಸಿಬಿಟ್ಟಳು.

ಅವಳಿಗೂ ಕಾಣುವಂತಾಗುವವರೆಗೆ ಅದನ್ನು ಮತ್ತೆ ಹಚ್ಚಬಾರದೆಂದು ನನಗೆ ನಾನೇ ಅಂದುಕೊಂಡೆ. ಪುಣೆಯ ಹುಡುಗಿಗೆ ಫೋನು ಮಾಡಿದರೆ ಅವಳು ಹಿಂದೆ ಮಾಡಿದ್ದ ನಂಬರು ಬೇರೆ ಯಾರದೋ ಆಗಿತ್ತು. ಇದ್ದದ್ದು ಆ ಒಂದು ಸಿಡಿ.

ಬಾಗಲಕೋಟೆಯಲ್ಲಿ ಮದುವೆಯ ವಿಡಿಯೊ ಮಾಡುವ ಒಂದು ಸ್ಟುಡಿಯೊ ಇತ್ತು. ನಮ್ಮವರು ಅಂಗಡಿಗೆ ಸೀರೆ ಕೊಡಲು ಹೋದಾಗ ಸಿಡಿಯನ್ನು ಅಲ್ಲಿ ಕೊಟ್ಟು, ನಮ್ಮ ಪ್ಲೇಯರಿಗೆ ಹೊಂದುವಂತೆ ಡಿವಿಡಿ ಮಾಡಿಸಿಕೊಂಡು ಬಂದರು. ಸಂಜೆ ಎಲ್ಲರೂ ಕೂತೆವು. ತೆರೆಯ ನಾಲ್ಕೂ ಮೂಲೆಯಿಂದ ಗುಲಾಬಿ ಪಕಳೆ ಉದುರಿದವು. ಆಮೇಲೆ ಅತ್ತೆ ಬಂದರು, ಹಣೆಯ ಕುಂಕುಮ ಬೆವರಿಗೆ ತುಸು ಜಾರಿತ್ತು. ಕೆಳಗಿನಿಂದ ಹಿಡಿದ ಚಿತ್ರದಲ್ಲಿ ಬಾಗಿದ ಮುಖ ಪೂರ್ತಿ ಕಾಣುತ್ತಿತ್ತು, ಬಾಯಿ ಆಡುತ್ತಿತ್ತು. ಕೇಳಿಸುತ್ತಿದ್ದದ್ದು ಸನಾದಿ.

ಮಾವನವರು ತಲೆ ಎತ್ತಿದರು. “ಯಾರ ಮದಿವಿ ಹಚ್ಚೀರಿ?”

“ಅತ್ತಿಯವರದ ಸಿಡಿ ರೀ ಮಾವಾರ. ಮಗ್ಗದ ಮ್ಯಾಲ ಕುಂತಾರ.”

“ಹಂಗಾರ ಮಗ್ಗ ಎಲ್ಲೈತಿ?”

ಕೆಳಗೆ ಅಕ್ಷರವೂ ಇರಲಿಲ್ಲ. ನಾದಿನಿ ತೆರೆಯ ಕೆಳ ಅಂಚನ್ನು ಬೆರಳಿನಿಂದ ಒಮ್ಮೆ ಒರೆಸಿ ನೋಡಿದಳು, ಧೂಳು ಕೂತು ಮುಚ್ಚಿದೆಯೇನೋ ಎಂಬಂತೆ. ನನಗೆ ಅದನ್ನು ನೋಡಲಾಗಲಿಲ್ಲ.

ಮರುವಾರ ಅವಳನ್ನು ಕರೆದುಕೊಂಡು ನಾನೇ ಬಾಗಲಕೋಟೆಗೆ ಹೊರಟೆ. ಹುನಗುಂದದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಶೇಂಗಾ ಮಾರುವವನು ಕಿಟಕಿಗೆ ಬಂದ. ಕೊಳ್ಳುವ ಮನಸ್ಸಾಗಲಿಲ್ಲ. ಮೂಲ ಸಿಡಿ ಇನ್ನೂ ಸ್ಟುಡಿಯೊದವನ ಹತ್ತಿರವೇ ಇತ್ತು. ಕೆಲಸ ಮುಗಿಯಿತೆಂದು ಎಸೆದಿದ್ದರೆ ಎಂಬ ಒಂದೇ ಯೋಚನೆ.

ಎಸೆದಿರಲಿಲ್ಲ. ಕಾಗದದ ಲಕೋಟೆಯಲ್ಲಿ ಜೋಪಾನವಾಗಿತ್ತು. ಸ್ಟುಡಿಯೊದವನು ಕೆಟ್ಟವನಲ್ಲ. ಸದ್ದು, ಅಕ್ಷರ ಎಲ್ಲಿ ಹೋದವೆಂದು ನಾನು ಕೇಳಿದ್ದಕ್ಕೆ ಅವನಿಗೇ ಬೇಜಾರಾಯಿತು.

“ಖಟಾಪಟಾ ಸಪ್ಪಳ ಭಾಳ ಇತ್ರಿ ಅಕ್ಕಾರ. ನಾಕ ಮಂದಿ ಕುಂತು ನೋಡೋದು, ಚಂದ ಇರ್ಲಿ ಅಂತ ಅದನ್ನ ತಗದು ಸನಾದಿ ಹಾಕಿದ್ನಿ. ಅಕ್ಷರ ಸೀರಿ ಮ್ಯಾಲ ಬರ್ತಿದ್ವು, ಸೆರಗ ಕಾಣಲಿ ಅಂತ ಅವನ್ನೂ ತಗದ್ನಿ. ಮದಿವಿ ವಿಡಿಯೋಕ್ಕ ಎಲ್ಲಾರೂ ಹಂಗ ಕೇಳ್ತಾರ್ರಿ.”

“ಇದು ಮದಿವಿ ಅಲ್ರಿ. ನಮ್ಮ ಮಾವಾರಿಗೆ ಆ ಸಪ್ಪಳನ ಬೇಕು. ಈಕಿಗೆ ಆ ಅಕ್ಷರನ ಬೇಕು.”

ಅವನು ನಾದಿನಿಯ ಕಡೆ ನೋಡಿ, ಅವಳು ನಮ್ಮಿಬ್ಬರ ತುಟಿಗಳನ್ನೇ ಗಮನಿಸುತ್ತಿದ್ದದ್ದನ್ನು ಕಂಡು, ಕುರ್ಚಿ ಎಳೆದುಕೊಟ್ಟ.

ಕಂಪ್ಯೂಟರಿನ ಪಕ್ಕದಲ್ಲಿ ಕೂತೆ. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು: ಚಿತ್ರ, ಸದ್ದು, ಅಕ್ಷರ. ಅವನು ದಿನವೂ ಮೇಲಿನ ಒಂದು ದೊಡ್ಡ ಗುಂಡಿ ಒತ್ತುತ್ತಿದ್ದ, ಅದು ಮೂರನ್ನೂ ತನಗೆ ತಿಳಿದಂತೆ ಬದಲಿಸುತ್ತಿತ್ತು. ಒಂದೊಂದು ಸಾಲಿನ ಪಕ್ಕದಲ್ಲೂ ಬಾಣದ ಗುರುತು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಬಾದಾಮಿಯ ತವರು ಬಿಟ್ಟ ಮೇಲೆ ಮಕ್ಕಳ ಹೋಮ್‌ವರ್ಕಿಗಷ್ಟೇ ಉಳಿದಿತ್ತು. ನಿಧಾನವಾಗಿ ಓದಿದೆ. ಬಾಣ ಒತ್ತಿದರೆ ಉದ್ದ ಪಟ್ಟಿ, ಅದರ ತುದಿಯಲ್ಲಿ ‘ಕಾಪಿ’. ಇದ್ದದ್ದನ್ನು ಇದ್ದ ಹಾಗೆಯೇ ದಾಟಿಸು ಎಂದು.

“ಇದನ್ನ ಒತ್ತಿದ್ರ ಏನಾಗ್ತೈತ್ರಿ?”

“ಯಾವತ್ತೂ ಒತ್ತಿಲ್ರಿ ಅಕ್ಕಾರ. ಅಲ್ಲಾ, ಒಂದ ಫೈಲ್‌ನ್ಯಾಗ ಅರ್ಧಾ ಬದಲಿ, ಅರ್ಧಾ ಹಳೇದು ಹೆಂಗ ಕೂಡ್ತೈತ್ರಿ?”

“ಇಳಕಲ್ ಸೀರಿ ಹೆಂಗ ಕೂಡ್ತೈತಿ? ಒಡಲಿಗೆ ಹತ್ತಿ, ಸೆರಗಿಗೆ ರೇಶಿಮಿ, ಮಗ್ಗದ ಮ್ಯಾಲನ ಕೊಂಡಿ ಹಾಕಿ ಕೂಡಸ್ತಾರಲ್ಲ. ನೀವು ಒಡಲಿನ ನೂಲು ಅಷ್ಟ ಬದಲಿ ಮಾಡ್ರಿ. ಸೆರಗು, ದಡಿ ಮುಟ್ಟಬ್ಯಾಡ್ರಿ.”

ಅವನು ನಕ್ಕ. “ಹಿಂಗ ಮೊದಲನ ಹೇಳಿದ್ರ ಸನಾದಿ ಊದಸ್ತಿದ್ದಿಲ್ರಿ.”

ಚಿತ್ರದ ಸಾಲಿಗೆ ಹಳೆಯ ಪ್ಲೇಯರಿಗೆ ತಿಳಿಯುವ ಕೋಡೆಕ್ಕು, ಉಳಿದೆರಡಕ್ಕೆ ಕಾಪಿ. ಹಸಿರು ಪಟ್ಟಿ ತೆವಳತೊಡಗಿತು. ಚಹಾ ಬಂತು. ಆದ ಮೇಲೆ ಶುರುವಿನದೊಂದು ತುಣುಕು ನೋಡಿದೆವು: ಮಗ್ಗ, ದನಿ, ಕೆಳಗೆ ದುಂಡಗಿನ ಕನ್ನಡ. ನನಗೆ ನಿರಾಳವಾಯಿತು. ಕೊನೆಯ ತುಣುಕನ್ನೂ ಹಾಕಿಸಿದಾಗ ನಾದಿನಿ ಬೇಡ ಬೇಡವೆಂದು ಕೈ ಆಡಿಸಿದಳು. ತನ್ನ ಬಾಯಿ ತೋರಿಸಿದಳು, ಅಕ್ಷರ ತೋರಿಸಿದಳು. ಅತ್ತೆಯ ತುಟಿ ತೆರೆಯುವ ಮೊದಲೇ ಅಕ್ಷರ ಬಂದು ನಿಲ್ಲುತ್ತಿತ್ತು. ಚಿತ್ರ ಬದಲಾಗುವಾಗ ಅದರ ಓಟವೂ ಒಂದು ಎಳೆ ತಗ್ಗಿದೆ ಎಂದು ಸ್ಟುಡಿಯೊದವನು ಹೇಳಿದ. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

“ಮೂಲದಾಗ ಇದ್ದಷ್ಟ ಓಟ ಇಡ್ತೇನ್ರಿ, ಕುಂಡ್ರಿ” ಎಂದು ಅವನು ಮೊದಲಿನಿಂದ ಹಚ್ಚಿದ. ಈ ಸಲ ತುಟಿ, ದನಿ, ಅಕ್ಷರ ಕೂಡಿಯೇ ಬಂದವು.

ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಡಿವಿಡಿ ಹಾಕಿದೆ. ಮಾವನವರು ಗೋಡೆಯ ಹತ್ತಿರ, ನಾದಿನಿ ಟಿವಿಗೆ ಮೊಣಕೈಯಷ್ಟು ದೂರದಲ್ಲಿ. ಅತ್ತೆ ಹಾಡುತ್ತಾ ಹೋದರು, ಇವಳು ತುಟಿಯಲ್ಲೇ ಓದಿಕೊಳ್ಳುತ್ತಾ ಹೋದಳು. ನಡುವೆ ಒಂದು ಕಡೆ ಎಳೆ ಹರಿದು ಮಗ್ಗ ನಿಂತಿತು. ತೆರೆಯಲ್ಲಿ ಅತ್ತೆಯ ಹಿಂದೆ, ಬೆನ್ನು ಮಾಡಿ ಕೂತು ನಾದಿನಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅತ್ತೆ ಎಳೆ ಗಂಟು ಹಾಕುತ್ತಲೇ, ತಿರುಗಿ ನೋಡದೆ ಅಂದರು. ಕೆಳಗೆ ಅಕ್ಷರ ಬಂತು:

‘ಸಾಕ ಏಳವಾ ಮಗಳ. ಮುಂಜಾನಿಂದ ಕುಂತೀದಿ, ಬೆನ್ನ ನೋವಾದೀತ.’

ತೆರೆಯ ಮೇಲಿನ ಮಗಳು ಸುತ್ತುತ್ತಲೇ ಇದ್ದಳು. ಮಗ್ಗ ಮತ್ತೆ ಶುರುವಾಯಿತು.

ನಾದಿನಿ ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ಓದಿದಳು. ನನ್ನ ಕಡೆ ತಿರುಗಿ ತನ್ನ ಎದೆಯ ಮೇಲೆ ಬೆರಳಿಟ್ಟಳು, ನನಗಾ ಎಂದು. ಹೌದೆಂದೆ.

“ಏನ ಕೇಳಾಕತ್ತಾಳವಾ?” ಅಂದರು ಮಾವನವರು.

“ಅತ್ತಿಯವ್ರು ಆ ಮಾತ ತನಗ ಅಂದ್ರೇನು ಅಂತ ಕೇಳ್ತಾಳ್ರಿ.”

ಅವರು ಹೇಳಿದರು: “ಆಕಿ ದಿನಾನೂ ಮಾತಾಡಸ್ತಿದ್ಲು. ಕೇಳಸಂಗಿಲ್ಲ, ಸುಮ್ನ ಯಾಕ ಬಾಯಿ ನೋಯಿಸ್ಕೋತಿ ಅಂತಿದ್ನಿ ನಾ. ಅಂದ್ರೂ ಬಿಡ್ತಿದ್ದಿಲ್ಲ.”

ನಾನು ಅದನ್ನು ನಾದಿನಿಯ ಎದುರು ಮುಖ ಮಾಡಿ, ಒಂದೊಂದೇ ಶಬ್ದ ನಿಧಾನವಾಗಿ ಹೇಳಿದೆ. ಅವಳು ಟಿವಿಯನ್ನು ಹಾಗೆಯೇ ನಿಲ್ಲಿಸಿಟ್ಟು, ಹೋಗಿ ತಂದೆಯ ಮುಂದೆ ಕೂತು, ಅವರ ಮೊಣಕಾಲು ಅಲುಗಿಸಿದಳು. ತಾಯಿ ಇನ್ನೂ ಏನೇನು ಅನ್ನುತ್ತಿದ್ದರೆಂದು ಕೇಳುತ್ತಿದ್ದಾಳೆ ಎಂದು ನಾನು ಹೇಳಿದೆ. ಮಾವನವರು ನೆನಪು ಮಾಡಿಕೊಳ್ಳುತ್ತಾ, ಮಗಳ ಕಡೆಗೆ ಮುಖ ತಿರುಗಿಸಿ, ತುಟಿ ಕಾಣುವಂತೆ ದೊಡ್ಡದಾಗಿ ಬಾಯಿ ತೆರೆದು ಹೇಳತೊಡಗಿದರು.