ಹುಳ ಬೆಳೆಸಿದ ಚಳಿಗಾಲ

ಇಂಡಿ ಊರಿನ ನಮ್ಮ ಓಣಿಯಲ್ಲಿ ಆಗೆಲ್ಲ ಯಾವ ಕೂಸಿನ ಕಿವಿ ಸೋರಿದರೂ ಡಾಕ್ಟರಿಗಿಂತ ಮೊದಲು ಹಾಜರಾಗುತ್ತಿದ್ದವಳು ನಮ್ಮ ಆಯಿ, ಅಪ್ಪನ ತಾಯಿ. ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಅವಳ ಕೈಯಲ್ಲಿರುತ್ತಿತ್ತು. ಎಳ್ಳಮಾವಾಸ್ಯೆ ಹತ್ತಿರ ಬಂದಿದ್ದ ಆ ಚಳಿಗಾಲದಲ್ಲಿ ಸೋರಿದ್ದು ನನ್ನ ಎಡಗಿವಿ. ದಿಂಬೆಲ್ಲ ನಾರುತ್ತಿತ್ತು. ಕಣ್ಣಾಮುಚ್ಚಾಲೆಯಲ್ಲಿ ಎಡಗಡೆಯಿಂದ ಯಾರು ಬಂದರೂ ಕೇಳದೆ ಪ್ರತಿಸಲ ನಾನೇ ಸಿಕ್ಕಿಬೀಳುತ್ತಿದ್ದೆ. ಆಯಿಯ ಎಣ್ಣೆ ಆಯಿತು, ಎರಡು ಬಗೆಯ ಔಷಧ ಆಯಿತು, ಕೀವು ನಿಲ್ಲಲಿಲ್ಲ.

“ಇನ್ನ ಅಂದಾಜಿನ ಮ್ಯಾಲ ಔಷಧ ಬ್ಯಾಡ್ರಿ,” ಎಂದರು ವಿಜಯಪುರದ ಕಿವಿ ಡಾಕ್ಟರು. “ಕೀವು ಲ್ಯಾಬಿಗೆ ಕಳಸೂಣು. ಈಗ ಕಿವ್ಯಾಗ ಬರೇ ಎಣ್ಣಿ ತುಂಬೈತಿ. ನಾಕ್ ದಿನಾ ಏನೂ ಹಾಕದ ಕರಕೊಂಡ ಬರ್ರಿ.” ಲ್ಯಾಬಿನಲ್ಲಿ ಕೀವಿನೊಳಗಿನ, ಕಣ್ಣಿಗೆ ಕಾಣದ ಹುಳ ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆಂದು ನೋಡುತ್ತಾರಂತೆ.

ಆಯಿ ಕೆಂಡವಾದಳು. “ಹುಳಾ ಕೊಲ್ಲೂದ ಬಿಟ್ಟು ಬೆಳಸ್ತಾರಂತ! ಕೂಸು ಕಿವುಡಿ ಆದ್ರ ಯಾರು ಹೊಣಿ?”

“ನಾ ಹೊಣಿ,” ಎಂದಳು ಅವ್ವ. ಅತ್ತೆಯೆದುರು ಎಂದೂ ದನಿಯೆತ್ತದವಳು ನಾನು ಮಲಗಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. “ಅತ್ತಿ, ನಿಮ್ಮ ಕಾಲ ಬೀಳತೇನಿ. ಆದ್ರ ಆ ಬಟ್ಟಲಾ ಒಳಗ ಬಿಡಂಗಿಲ್ರಿ.”

ಓಣಿಯ ಹೆಂಗಸರು ಬಂದು ಅವ್ವನಿಗೆ ಬುದ್ಧಿ ಹೇಳಿದರು. ಅವ್ವ ರೊಟ್ಟಿ ಬಡಿಯುತ್ತಲೇ ಎಲ್ಲರಿಗೂ ಅದೇ ಉತ್ತರ ಕೊಟ್ಟಳು. ಆಯಿ ಶೇಂಗಾ ಹೋಳಿಗೆ ತೋರಿಸಿ ನನ್ನನ್ನು ತೊಡೆಯ ಮೇಲೆ ಕರೆದಳು. ನಾನು ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಇನ್ನೊಂದರಿಂದ ಹೋಳಿಗೆ ತಿಂದೆ.

“ತಾಯಿಗೆ ತಕ್ಕ ಮಗಳು!” ಎಂದು ಬೈದಳು.

ನಾಲ್ಕು ದಿನ ಕಳೆದ ಮೇಲೆ ವಿಜಯಪುರದಲ್ಲಿ ಹತ್ತಿಯ ಕಡ್ಡಿಯಿಂದ ಕೀವು ತೆಗೆದುಕೊಂಡರು. ಮೊದಲಿನ ಎರಡೂ ಔಷಧಕ್ಕೆ ಆ ಹುಳ ಜಗ್ಗುವಂಥದ್ದಲ್ಲವೆಂದು ಲ್ಯಾಬಿನವರು ತಿಳಿಸಿದರು. ಅದು ಸಾಯುವ ಔಷಧ ಬೇರೆಯೇ ಇತ್ತು. ಅದನ್ನು ಕೊಟ್ಟರು, ಕಿವಿ ಒಣಗಿತು. “ಸ್ವಲ್ಪ ಮೊದಲ ಬಂದಿದ್ರ ಪೂರ್ತಿ ಕೇಳಸ್ತಿತ್ತು,” ಎಂದರು ಡಾಕ್ಟರು. ಆ ಮಾತು ಕಿವಿಗೆ ಬಿದ್ದ ದಿನವೇ ಆಯಿ ಎಣ್ಣೆಯ ಬಟ್ಟಲು ತೊಳೆದು ಬೋರಲು ಹಾಕಿದಳು. ಮುಂದೆ ನೆರೆಮನೆಯವಳು ಕಿವಿ ಸೋರುವ ಕೂಸನ್ನೆತ್ತಿಕೊಂಡು ಎಣ್ಣೆಗೆ ಬಂದಾಗ ಗದರಿದಳು: “ಎಣ್ಣಿ ಇಲ್ಲ! ಮೊದಲ ಹುಳಾ ಬೆಳಸಕೊಂಡ ಬಾ, ಹೋಗ!”

ಈಗ ಆಯಿ ಇಲ್ಲ. ಬಾಗಿಲಿಗೆ ಅಡ್ಡ ನಿಲ್ಲಲು ಅವ್ವನೂ ಇಲ್ಲ. ಎಡಗಿವಿ ಅರ್ಧ ಕೇಳುತ್ತದೆ. ಆ ಅರ್ಧ ಅವ್ವ ಉಳಿಸಿಕೊಟ್ಟದ್ದು. ನನ್ನ ಮಗಳಿಗೆ ಜಡ್ಡು ಬಂದಾಗ ಯಾರಾದರೂ “ತಾನ ಹೋಗತೈತಿ ಬಿಡ” ಎಂದರೆ, ಅವರ ಮಾತಿಗೆ ನಾನು ಎಡಗಿವಿಯನ್ನೇ ಕೊಡುತ್ತೇನೆ.